ಟಗರಿನ ಆಯ್ಕೆಯಲ್ಲಿ ಮಾಂಸಖಂಡದ ಜೀನ್‌ಗಳು: ಹಾವೇರಿ–ಗದಗ ಭಾಗದ ಕುರಿಗಾರರಿಗೆ ಒಂದು ಹೋಲಿಕೆ

ಹಾವೇರಿ ಮತ್ತು ಗದಗ ಜಿಲ್ಲೆಗಳಲ್ಲಿ ಕುರಿ ಸಾಕುವವರ ಮುಂದೆ ಈಗ ಮೊದಲಿಗಿಂತ ಹೆಚ್ಚು ಬಗೆಯ ಟಗರುಗಳಿವೆ. ಹಿಂದೆ ಆಯ್ಕೆಯೆಂದರೆ ತಮ್ಮ ಹಿಂಡಿನಲ್ಲೇ ಬೆಳೆದ ಮರಿ, ಪಕ್ಕದ ಹಟ್ಟಿಯ ಟಗರು ಅಥವಾ ಸಂತೆಯಲ್ಲಿ ಕಣ್ಣಿಗೆ ಹಿಡಿಸಿದ್ದು ಇಷ್ಟೇ ಆಗಿತ್ತು. ಈಗ ಡಾರ್ಪರ್ ಸಂಕರ, ನಾರಿ ಸುವರ್ಣ, ಕೆಂಗುರಿ, ಬಂಡೂರು ಎಂದು ತಳಿಗಳ ಹೆಸರು ಹೇಳಿ, ಇದರ ರಕ್ತದಲ್ಲಿ ಮಾಂಸದ ಜೀನ್ ಇದೆ, ಅದರಲ್ಲಿ ಅವಳಿಯ ಜೀನ್ ಇದೆ ಎಂದು ಬೆಲೆ ಏರಿಸಿ ಮಾರುವವರು ಬಂದಿದ್ದಾರೆ. ಈ ಮಾತುಗಳಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಯಾವ ಜೀನ್ ಏನು ಕೊಡುತ್ತದೆ, ಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಕೇಳುತ್ತದೆ ಎಂಬುದು ಗೊತ್ತಿಲ್ಲದೆ ದುಡ್ಡು ಕೊಟ್ಟವರಿಗೆ ಆ ಸತ್ಯದಿಂದ ಪ್ರಯೋಜನವಾಗುವುದಿಲ್ಲ.

ಸ್ನಾಯುವಿನ ಬೆಳವಣಿಗೆಯ ಆನುವಂಶಿಕತೆಯ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಯುರೋಪಿನ ಮಾಂಸದ ದನಗಳ ಅಧ್ಯಯನದಿಂದ ಬಂದದ್ದು. ನಮ್ಮಲ್ಲಿ ಆಕಳು, ಹೋರಿ, ಎತ್ತುಗಳನ್ನು ಮಾಂಸಕ್ಕಾಗಿ ಸಾಕುವ ಪ್ರಶ್ನೆಯೇ ಇಲ್ಲ. 2021ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನು ಅವುಗಳ ವಧೆಯನ್ನು ನಿಷೇಧಿಸಿದೆ. ಆದರೆ ದನದಲ್ಲಿರುವ ಅದೇ ಜೀನ್‌ಗಳು ಕುರಿಯಲ್ಲೂ ಇವೆ ಮತ್ತು ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತವೆ. ದನದ ತಳಿಗಳಲ್ಲಿ ನೂರು ವರ್ಷಗಳಿಂದ ಕಂಡ ಲಾಭ ಮತ್ತು ತೊಂದರೆಗಳನ್ನು ಮೊದಲು ನೋಡಿಕೊಂಡರೆ, ನಮ್ಮ ಹಿಂಡಿಗೆ ಯಾವ ಟಗರು ತರಬೇಕು ಎಂಬ ತೀರ್ಮಾನ ಸುಲಭವಾಗುತ್ತದೆ. ಆದ್ದರಿಂದ ಈ ಹೋಲಿಕೆಯನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಬೆಲ್ಜಿಯನ್ ಬ್ಲೂ, ಪಿಯೆಡ್ಮಾಂಟೀಸ್, ಲಿಮೋಸಿನ್

ಸ್ನಾಯುಗಳಲ್ಲೇ ತಯಾರಾಗುವ ಮಯೊಸ್ಟ್ಯಾಟಿನ್ ಎಂಬ ಪ್ರೋಟೀನು ಸ್ನಾಯು ಒಂದು ಮಿತಿಯನ್ನು ಮೀರಿ ಬೆಳೆಯದಂತೆ ತಡೆಯುತ್ತದೆ. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡ್ರಾ ಮ್ಯಾಕ್‌ಫೆರಾನ್ ಮತ್ತು ಸೆ-ಜಿನ್ ಲೀ ಇಲಿಗಳಲ್ಲಿ ಈ ಜೀನನ್ನು ಕೆಲಸ ಮಾಡದಂತೆ ಮಾಡಿದಾಗ, ಅವುಗಳ ಸ್ನಾಯುಗಳು ಸಾಮಾನ್ಯ ಇಲಿಗಳಿಗಿಂತ ಎರಡು-ಮೂರು ಪಟ್ಟು ತೂಗಿದವು. ಅದೇ ವರ್ಷ ಬೇರೆ ಬೇರೆ ತಂಡಗಳು ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯ ಅಸಾಧಾರಣ ಮೈಕಟ್ಟಿಗೂ ಇದೇ ಜೀನ್‌ನ ದೋಷವೇ ಕಾರಣವೆಂದು ತೋರಿಸಿದವು. ಇಂಥ ‘ಇಮ್ಮಡಿ ಸ್ನಾಯು’ವಿನ ದನಗಳ ಬಗ್ಗೆ ಇಂಗ್ಲೆಂಡಿನ ಜಾರ್ಜ್ ಕಲಿ 1807ರಲ್ಲೇ ಬರೆದಿದ್ದರು. ಅದು ಒಂದೇ ಜೀನ್‌ನಿಂದ, ತಂದೆ ತಾಯಿ ಇಬ್ಬರಿಂದಲೂ ಬಂದು ಎರಡು ಪ್ರತಿಗಳಿದ್ದಾಗ ಪೂರ್ತಿಯಾಗಿ ಕಾಣುವ ಗುಣವೆಂದು ಬೆಲ್ಜಿಯಂನ ಹ್ಯಾನ್ಸೆಟ್ ಮತ್ತು ಮಿಶೋ 1985ರಲ್ಲಿ ತಿಳಿಸಿದ್ದರು. ಕಣ್ಣಿಗೆ ಕಂಡ ಗುಣದ ಕಾರಣ ಕೈಗೆ ಸಿಗಲು ಸುಮಾರು ಇನ್ನೂರು ವರ್ಷ ಹಿಡಿಯಿತು.

ಬೆಲ್ಜಿಯನ್ ಬ್ಲೂ ತಳಿಯಲ್ಲಿ ಈ ಜೀನ್‌ನ ಡಿಎನ್‌ಎ ಬರಹದ 11 ಅಕ್ಷರಗಳು ಬಿಟ್ಟುಹೋಗಿವೆ. ಜೀವಕೋಶವು ಜೀನನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. 11 ಎಂಬುದು ಮೂರರಿಂದ ಭಾಗವಾಗದ ಸಂಖ್ಯೆಯಾದ್ದರಿಂದ ಅಲ್ಲಿಂದ ಮುಂದೆ ಓದೆಲ್ಲವೂ ತಪ್ಪಿ, ಪ್ರೋಟೀನು ಅರ್ಧಕ್ಕೇ ನಿಲ್ಲುತ್ತದೆ. ತಡೆ ಇಲ್ಲದೆ ಹೋದ ಮೇಲೆ ಕರು ತಾಯಿಯ ಹೊಟ್ಟೆಯಲ್ಲಿರುವಾಗಲೇ ಸ್ನಾಯು ತಂತುಗಳ ಸಂಖ್ಯೆ ಬಹಳ ಹೆಚ್ಚಾಗುತ್ತದೆ. ಬೆಳೆದ ಮೇಲೆ ಮಾಂಸ ಸುಮಾರು ಶೇ. 20ರಷ್ಟು ಅಧಿಕ, ಕೊಬ್ಬು ಕಡಿಮೆ, ಮಾಂಸವೂ ಮೆದು. ಇಷ್ಟನ್ನು ಕೇಳಿದರೆ ಯಾರಿಗೂ ಆಸೆಯಾಗುತ್ತದೆ. ಆದರೆ ಹೊಟ್ಟೆಯಲ್ಲೇ ದಪ್ಪನಾದ ಕರು ಹೊರಬರುವ ದಾರಿ ದೊಡ್ಡದಾಗುವುದಿಲ್ಲ. ಬದಲಿಗೆ ಇಂಥ ಆಕಳಿನ ಸೊಂಟದ ಒಳದಾರಿ ಇನ್ನಷ್ಟು ಇಕ್ಕಟ್ಟಾಗಿರುತ್ತದೆ. ಬೆಲ್ಜಿಯಂನಲ್ಲಿ ಈ ತಳಿಯ ನೂರು ಕರುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸಿಸೇರಿಯನ್ ಮೂಲಕವೇ ಹುಟ್ಟುತ್ತವೆ. ದೂರವಾಣಿ ಕರೆ ಮಾಡಿದರೆ ಪಶುವೈದ್ಯರು ಕೊಟ್ಟಿಗೆಗೇ ಬರುವ, ಒಂದು ಕರುವಿನ ಬೆಲೆಯಲ್ಲಿ ಶಸ್ತ್ರಚಿಕಿತ್ಸೆಯ ಖರ್ಚು ಹೊರಡುವ ದೇಶದಲ್ಲಿ ಮಾತ್ರ ಈ ತಳಿ ನಿಂತಿದೆ.

ಇಟಲಿಯ ಪಿಯೆಡ್ಮಾಂಟೀಸ್ ತಳಿಯ ಕಥೆ ಸ್ವಲ್ಪ ಬೇರೆ. 1886ರಲ್ಲಿ ಗ್ವಾರೆನೆ ದಾಲ್ಬಾ ಎಂಬ ಊರಿನಲ್ಲಿ ಅಸಾಧಾರಣ ತೊಡೆಗಳಿದ್ದ ಒಂದು ಹೋರಿ ಕಾಣಿಸಿಕೊಂಡು, ಅದರ ಸಂತತಿ ತಳಿಯ ತುಂಬ ಹರಡಿತು ಎಂದು ಹೇಳಲಾಗುತ್ತದೆ. ಈ ತಳಿಯಲ್ಲಿ ಮಯೊಸ್ಟ್ಯಾಟಿನ್ ಜೀನ್‌ನ ಯಾವ ಅಕ್ಷರವೂ ಬಿಟ್ಟುಹೋಗಿಲ್ಲ. ಒಂದು ಅಕ್ಷರ ಬದಲಾಗಿದೆ. ಪ್ರೋಟೀನು ಅಮೈನೊ ಆಮ್ಲಗಳೆಂಬ ಮಣಿಗಳ ಸರ; ಅದರ 313ನೆಯ ಸ್ಥಾನದಲ್ಲಿ ಸಿಸ್ಟೀನ್ ಎಂಬ ಮಣಿ ಇರಬೇಕಾದಲ್ಲಿ ಟೈರೋಸೀನ್ ಬಂದಿರುವುದರಿಂದ ಪ್ರೋಟೀನಿನ ಮಡಿಕೆ ಸರಿಯಾಗಿ ಕೂಡುವುದಿಲ್ಲ ಮತ್ತು ಅದು ಕೆಲಸ ಮಾಡುವುದಿಲ್ಲ. ಎರಡೂ ತಳಿಗಳಲ್ಲಿ ಜೀನ್ ಕೆಟ್ಟಿದ್ದರೂ ಪಿಯೆಡ್ಮಾಂಟೀಸ್ ಆಕಳುಗಳು ಬೆಲ್ಜಿಯನ್ ಬ್ಲೂಗಿಂತ ಎಷ್ಟೋ ಸಲೀಸಾಗಿ ಈಯುತ್ತವೆ. ಕಾರಣ ಆ ಒಂದು ಜೀನ್‌ನಲ್ಲಿಲ್ಲ. ಅಲ್ಲಿನ ತಳಿ ಸಾಕಣೆದಾರರು ಹೋರಿಯನ್ನು ಆರಿಸುವಾಗ ಅದರ ಕರುಗಳು ಸಲೀಸಾಗಿ ಹುಟ್ಟುತ್ತವೆಯೇ, ಹೆಣ್ಣುಮಕ್ಕಳು ಸಲೀಸಾಗಿ ಈಯುತ್ತವೆಯೇ ಎಂಬುದನ್ನು ತಲೆಮಾರುಗಳಿಂದ ಲೆಕ್ಕ ಇಟ್ಟು ನೋಡಿದ್ದಾರೆ. ನನ್ನ ದೃಷ್ಟಿಯಲ್ಲಿ ನಮ್ಮ ಕುರಿಗಾರರು ದನದ ತಳಿಗಳಿಂದ ಕಲಿಯಬೇಕಾದ ಅತಿ ಮುಖ್ಯ ವಿಷಯ ಇದೇ: ಜೀನ್‌ನ ಗುಣವನ್ನು ಅದರ ಸುತ್ತಲಿನ ಉಳಿದ ಸಾವಿರಾರು ಜೀನ್‌ಗಳು ಹದಗೊಳಿಸುತ್ತವೆ, ಮತ್ತು ಆ ಸಾವಿರಾರು ಜೀನ್‌ಗಳನ್ನು ಹದಕ್ಕೆ ತರುವುದು ದಾಖಲೆ ಇಡುವ ಸಾಕಣೆದಾರ.

ಮೂರನೆಯದು ಫ್ರಾನ್ಸಿನ ಲಿಮೋಸಿನ್. ಇದರಲ್ಲಿ ಬಹುವಾಗಿ ಕಾಣುವ ಮಯೊಸ್ಟ್ಯಾಟಿನ್ ರೂಪದಲ್ಲಿ 94ನೆಯ ಸ್ಥಾನದ ಫಿನೈಲ್‌ಅಲನೀನ್ ಬದಲಾಗಿ ಲ್ಯೂಸೀನ್ ಆಗಿದೆ. ಈ ಬದಲಾವಣೆಯಿಂದ ಪ್ರೋಟೀನು ಪೂರ್ತಿ ಕೆಡುವುದಿಲ್ಲ, ಅದರ ಬಲ ಮಾತ್ರ ಸ್ವಲ್ಪ ತಗ್ಗುತ್ತದೆ. ಮಾಂಸದ ಪ್ರಮಾಣ ಹೆಚ್ಚುತ್ತದೆ, ಹುಟ್ಟುವಾಗಿನ ತೂಕ ಮಾತ್ರ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಲಾಭ ಬೆಲ್ಜಿಯನ್ ಬ್ಲೂನಷ್ಟು ದೊಡ್ಡದಲ್ಲ, ಆದರೆ ಈಯುವಾಗಿನ ಕಷ್ಟವೂ ಇಲ್ಲ. ಮೂರರಲ್ಲಿ ಒಂದನ್ನು ಆರಿಸಿ ಎಂದು ಯಾರಾದರೂ ನನ್ನನ್ನು ಕೇಳಿದರೆ ಅರೆಕ್ಷಣವೂ ಯೋಚಿಸದೆ ಇದನ್ನೇ ತೋರಿಸುತ್ತೇನೆ.

ಇಲ್ಲಿ ಪ್ರತಿಗಳ ಲೆಕ್ಕವನ್ನು ಸ್ಪಷ್ಟ ಮಾಡಿಕೊಳ್ಳಬೇಕು, ಏಕೆಂದರೆ ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಪ್ರತಿಯೊಂದು ಮರಿಗೂ ಯಾವುದೇ ಜೀನ್‌ನ ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಬದಲಾದ ರೂಪದ ಎರಡು ಪ್ರತಿಗಳಿರುವ ಗಂಡನ್ನು ಆ ರೂಪವೇ ಇಲ್ಲದ ಹೆಣ್ಣುಗಳಿಗೆ ಬಿಟ್ಟರೆ ಎಲ್ಲ ಮರಿಗಳಿಗೂ ಒಂದೊಂದು ಪ್ರತಿ ಬರುತ್ತದೆ. ಒಂದೇ ಪ್ರತಿಯಿರುವ ಗಂಡನ್ನು ಬಿಟ್ಟರೆ ಅರ್ಧ ಮರಿಗಳಿಗೆ ಮಾತ್ರ ಬರುತ್ತದೆ. ಇಂಗ್ಲೆಂಡಿನ ಸೌತ್ ಡೆವನ್ ದನಗಳಲ್ಲಿ ಬೆಲ್ಜಿಯನ್ ಬ್ಲೂನದೇ 11 ಅಕ್ಷರಗಳ ಲೋಪ ಇದೆ. ಅಲ್ಲಿ ಒಂದು ಪ್ರತಿಯಿರುವ ದನಗಳು ಮೈಕಟ್ಟಿನಲ್ಲಿ ನಡುವಿನ ಮಟ್ಟದಲ್ಲಿರುತ್ತವೆ; ಕರು ಹಾಕುವಾಗಿನ ತೊಂದರೆ ಮುಖ್ಯವಾಗಿ ಎರಡು ಪ್ರತಿಗಳಿದ್ದಾಗ ಏರುತ್ತದೆ. ಹಾಗಾಗಿ ಇಂಥ ಜೀನ್ ಇರುವ ಗಂಡನ್ನು ಮಾರುವ ಮರಿಗಳ ತಂದೆಯಾಗಿ ಮಾತ್ರ ಬಳಸಿ, ಅದರ ಹೆಣ್ಣುಮರಿಗಳನ್ನು ಹಿಂಡಿನಲ್ಲಿ ಉಳಿಸಿಕೊಳ್ಳದಿರುವ ಪದ್ಧತಿ ಹೊರದೇಶಗಳಲ್ಲಿ ಬೆಳೆದಿದೆ.

ಇನ್ನೊಂದು ಬೆಲೆಯೂ ಇದೆ. ಇಮ್ಮಡಿ ಸ್ನಾಯುವಿನ ಪ್ರಾಣಿಗಳಲ್ಲಿ ಬೇಗ ಬಲ ಕೊಟ್ಟು ಬೇಗ ದಣಿಯುವ ಬಗೆಯ ಬಿಳಿ ತಂತುಗಳು ಹೆಚ್ಚು. ಅವು ದೂರ ನಡೆಯಲಾರವು, ಬಿಸಿಲಿನ ಒತ್ತಡವನ್ನೂ ಉಳಿದವುಗಳಷ್ಟು ತಾಳಲಾರವು. ಇದೇ ಮಯೊಸ್ಟ್ಯಾಟಿನ್ ಜೀನ್‌ನ ರೂಪಗಳು ಓಟದ ಕುದುರೆಗಳಲ್ಲಿ ಯಾವುದು ಕಿರುದೂರಕ್ಕೆ ಒಳ್ಳೆಯದು, ಯಾವುದು ದೀರ್ಘದೂರಕ್ಕೆ ಒಳ್ಳೆಯದು ಎಂಬುದನ್ನು ಹೇಳುತ್ತವೆ ಎಂದು 2010ರಲ್ಲಿ ಐರ್ಲೆಂಡಿನ ಸಂಶೋಧಕರು ತೋರಿಸಿದರು. ದೀಪಾವಳಿಯ ನಂತರ ಹಾವೇರಿ ಸೀಮೆಯಲ್ಲಿ ನಡೆಯುವ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಹೊತ್ತು ಓಡುವ ಹೋರಿಯ ಮೈಕಟ್ಟು ನೋಡಿ ಮೆಚ್ಚುವ ಜನ ನಾವು. ಆ ಮೈ ದುಡಿತ ಮತ್ತು ಓಟದಿಂದ ಬಂದದ್ದು. ಬೆಲ್ಜಿಯನ್ ಬ್ಲೂನ ಮೈ ಅದಲ್ಲ. ಅಡವಿ ಮತ್ತು ಕೊಯ್ಲಾದ ಹೊಲಗಳಲ್ಲಿ ದಿನವಿಡೀ ನಡೆದು ಮೇಯುವ ಕುರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಸ್ನಾಯುವಲ್ಲ, ಎತ್ತರ ಮತ್ತು ತೂಕದ ಜೀನ್‌ಗಳು

ದನದ 14ನೆಯ ವರ್ಣತಂತುವಿನ ಮೇಲಿನ ಪ್ಲಾಗ್-1 ಮತ್ತು 6ನೆಯ ವರ್ಣತಂತುವಿನ ಮೇಲಿನ ಎನ್‌ಕ್ಯಾಪ್-ಜಿ, ಎಲ್‌ಕಾರ್ಲ್ ಎಂಬ ಜೀನ್‌ಗಳ ಪ್ರದೇಶ ಪ್ರಾಣಿಯ ಎತ್ತರ, ಹುಟ್ಟುವಾಗಿನ ತೂಕ ಮತ್ತು ಬೆಳೆದ ಮೇಲಿನ ತೂಕ ಇವುಗಳ ಮೇಲೆ ಪ್ರಭಾವ ಬೀರುತ್ತವೆ. ಎರಡನೆಯದರ ಪ್ರಭಾವ ಕುರಿಯಲ್ಲೂ ಕಂಡುಬಂದಿದೆ. ಇವು ಸ್ನಾಯುವನ್ನಷ್ಟೇ ದಪ್ಪ ಮಾಡುವುದಿಲ್ಲ, ಇಡೀ ಪ್ರಾಣಿಯನ್ನು ದೊಡ್ಡದು ಮಾಡುತ್ತವೆ. ದೊಡ್ಡ ಮರಿ ಮಾರುವಾಗ ಸಂತೋಷ ಕೊಡುತ್ತದೆ. ಆದರೆ ದೊಡ್ಡ ಕುರಿ ವರ್ಷದ ಹನ್ನೆರಡು ತಿಂಗಳೂ ಹೆಚ್ಚು ಮೇವು ಕೇಳುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಶೇಂಗಾ ಹೊಟ್ಟು, ಕಡಲೆ ಹೊಟ್ಟು ಕೊಂಡು ಹಾಕುವವರಿಗೆ ಈ ವ್ಯತ್ಯಾಸ ಕೈಗೆ ತಾಕುತ್ತದೆ.

ಕುರಿಯಲ್ಲಿ ಇರುವ ಆಯ್ಕೆಗಳು

ಹಾಲೆಂಡಿನ ಟೆಕ್ಸೆಲ್ ಕುರಿಯಲ್ಲಿ ಮಯೊಸ್ಟ್ಯಾಟಿನ್ ಪ್ರೋಟೀನು ಸರಿಯಾಗಿಯೇ ಇದೆ. ಆದರೆ ಜೀನ್‌ನ ತುದಿಯಲ್ಲಿ, ಪ್ರೋಟೀನಾಗಿ ಓದದ ಭಾಗದಲ್ಲಿ, ಒಂದು ಅಕ್ಷರ ಬದಲಾಗಿ ಸ್ನಾಯುವಿನಲ್ಲಿರುವ, ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುವ ಕಿರು ಆರ್‌ಎನ್‌ಎ ಎಂಬ ಅಣುಗಳು ಅಲ್ಲಿ ಅಂಟಿಕೊಳ್ಳಲು ಜಾಗ ಸಿಕ್ಕಿದೆ. ಇದರಿಂದ ಪ್ರೋಟೀನು ತಯಾರಾಗುವ ಪ್ರಮಾಣ ತಗ್ಗುತ್ತದೆ. 2006ರಲ್ಲಿ ಪ್ರಕಟವಾದ ಈ ಶೋಧ ತಳಿಶಾಸ್ತ್ರದಲ್ಲಿ ಹೆಸರಾಗಿದೆ. ಟೆಕ್ಸೆಲ್ ರೂಪದಿಂದ ಬೆನ್ನು ಮತ್ತು ತೊಡೆಯ ಮಾಂಸ ಕೆಲವು ಶೇಕಡಾ ಹೆಚ್ಚುತ್ತದೆ. ಬೆಲ್ಜಿಯನ್ ಬ್ಲೂನಂಥ ಅತಿರೇಕ ಇಲ್ಲ. ಆದರೆ ಟೆಕ್ಸೆಲ್ ತಂಪು ದೇಶದ, ಹಸಿರು ಹುಲ್ಲಿನ ಕುರಿ. ಲಕ್ಷ್ಮೇಶ್ವರದ ಬೇಸಿಗೆಯಲ್ಲಿ ಅದರ ಉಣ್ಣೆ, ಅದರ ಹೊಟ್ಟೆ, ಅದರ ಉಸಿರು ಯಾವುದೂ ಹೊಂದುವುದಿಲ್ಲ.

ಕ್ಯಾಲಿಪೀಜ್ ಎಂಬ ಬೇರೊಂದು ಜೀನ್ ರೂಪ 1983ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಒಂದು ಡಾರ್ಸೆಟ್ ಟಗರಿನಲ್ಲಿ ಕಂಡಿತು. ಇದನ್ನು ಇಲ್ಲಿ ಹೇಳುವುದು ಯಾರಾದರೂ ತರಲಿ ಎಂದಲ್ಲ; ಮಾಂಸ ಹೆಚ್ಚಿದ ಮಾತ್ರಕ್ಕೆ ಜೀನ್ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದಿಲ್ಲ. ಇದರ ಮರಿಗಳು ಹುಟ್ಟುವಾಗ ಎಲ್ಲ ಮರಿಗಳಂತೆಯೇ ಇದ್ದು, ಕೆಲವು ವಾರಗಳ ಮೇಲೆ ಹಿಂಗಾಲು ಮತ್ತು ಸೊಂಟದ ಮಾಂಸಖಂಡಗಳು ಉಬ್ಬುತ್ತವೆ. ಹೀಗಾಗಿ ತಾಯಿಗೆ ಈಯುವಾಗ ತೊಂದರೆ ಇಲ್ಲ. ಆದರೆ ತಂದೆಯಿಂದ ಬಂದ ಒಂದೇ ಪ್ರತಿ ಇದ್ದಾಗ ಮಾತ್ರ ಗುಣ ಕಾಣುತ್ತದೆ. ತಾಯಿಯಿಂದ ಬಂದರೆ ಕಾಣದು, ಎರಡೂ ಕಡೆಯಿಂದ ಬಂದರೂ ಕಾಣದು. ಹಿಂಡಿನಲ್ಲಿ ಇದನ್ನು ಕಾಯ್ದುಕೊಂಡು ಹೋಗುವುದು ಪಂಡಿತರಿಗೂ ತಲೆನೋವು. ಅದಕ್ಕಿಂತ ದೊಡ್ಡ ತೊಡಕೆಂದರೆ ಮಾಂಸ ಗಟ್ಟಿ. ಪ್ರಾಣಿ ಸತ್ತ ಮೇಲೆ ಮಾಂಸವನ್ನು ಮೆದುಗೊಳಿಸುವ ಕ್ಯಾಲ್ಪೇನ್ ಎಂಬ ಕಿಣ್ವಗಳನ್ನು ತಡೆಯುವ ಕ್ಯಾಲ್ಪಾಸ್ಟಾಟಿನ್ ಇವುಗಳ ಸ್ನಾಯುವಿನಲ್ಲಿ ವಿಪರೀತ ಹೆಚ್ಚು. ತಿನ್ನುವವರು ಒಲ್ಲೆನೆಂದ ಮೇಲೆ ಅಮೆರಿಕದಲ್ಲೂ ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ.

ಡಾರ್ಪರ್ ಬಗ್ಗೆ ಕೇಳುವವರು ಈಗ ಹೆಚ್ಚು. ಇದು ದಕ್ಷಿಣ ಆಫ್ರಿಕದ ಒಣ ಪ್ರದೇಶಕ್ಕಾಗಿ 1930ರ ದಶಕದಿಂದ ಡಾರ್ಸೆಟ್ ಹಾರ್ನ್ ಮತ್ತು ಕರಿತಲೆಯ ಪರ್ಷಿಯನ್ ಕುರಿಗಳನ್ನು ಕೂಡಿಸಿ ಬೆಳೆಸಿದ ತಳಿ. ಇದರ ಬೆಳವಣಿಗೆಯ ವೇಗ ಹೆಸರಿಟ್ಟು ತೋರಿಸಬಹುದಾದ ಒಂದೇ ಜೀನ್‌ನಿಂದ ಬಂದದ್ದಲ್ಲ, ಅನೇಕ ಜೀನ್‌ಗಳನ್ನು ತೂಕ ನೋಡಿ ಆರಿಸುತ್ತ ಬಂದದ್ದರ ಫಲ. ಆದ್ದರಿಂದ ‘ಡಾರ್ಪರ್ ಜೀನ್’ ಎಂದು ಹೇಳಿ ಮಾರುವ ಮಾತಿಗೆ ಅರ್ಥವಿಲ್ಲ, ಆದರೆ ಡಾರ್ಪರ್ ಸಂಕರಕ್ಕೆ ಅರ್ಥವಿದೆ. ನಮ್ಮ ಕುರಿಗೆ ಅದರ ಟಗರನ್ನು ಬಿಟ್ಟು ಹುಟ್ಟಿದ ಮೊದಲ ಪೀಳಿಗೆಯ ಮರಿಗಳು ಕೊಟ್ಟಿಗೆಯಲ್ಲಿ ಕಾಳು, ಹಿಂಡಿ, ಹಸಿ ಮೇವು ತಿಂದು ಚೆನ್ನಾಗಿ ಬೆಳೆಯುತ್ತವೆ. ಆ ಮೊದಲ ಪೀಳಿಗೆಯ ಗಂಡುಮರಿಯನ್ನೇ ಮುಂದೆ ಟಗರಾಗಿ ಇಟ್ಟುಕೊಂಡರೆ ಎರಡನೆಯ ಪೀಳಿಗೆಯಲ್ಲಿ ಮರಿಗಳು ಒಂದು ಹಾಗೆ ಒಂದು ಹೀಗೆ ಆಗುತ್ತವೆ, ಸಂಕರದ ಹುರುಪೂ ಇಳಿಯುತ್ತದೆ. ನಮ್ಮಲ್ಲಿ ಮಾರಾಟಕ್ಕೆ ಬರುವ ‘ಡಾರ್ಪರ್’ ಟಗರುಗಳಲ್ಲಿ ಇಂಥವೂ ಇರುತ್ತವೆ ಎಂಬುದನ್ನು ನೆನಪಿಡಬೇಕು.

ನಾರಿ ಸುವರ್ಣ ಮಾಂಸಖಂಡದ ಜೀನ್‌ಗೆ ಸಂಬಂಧಿಸಿದ್ದಲ್ಲ, ಆದರೂ ಈ ಹೋಲಿಕೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಪಶ್ಚಿಮ ಬಂಗಾಳದ ಸುಂದರಬನದ ಗಾರೋಲ್ ಎಂಬ ಪುಟ್ಟ ಕುರಿಯಲ್ಲಿ ಫೆಕ್-ಬಿ ಎಂಬ ಜೀನ್ ರೂಪ ಇದೆ. ಅದು ಒಂದೇ ಬೆದೆಯಲ್ಲಿ ಹೆಚ್ಚು ಅಂಡಗಳು ಬಿಡುಗಡೆಯಾಗುವಂತೆ ಮಾಡುತ್ತದೆ. ಸಾತಾರಾ ಜಿಲ್ಲೆಯ ಫಲಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ಆ ರೂಪವನ್ನು ದಖ್ಖನಿ ಕುರಿಗೆ ತಂದು ನಾರಿ ಸುವರ್ಣವನ್ನು ಬೆಳೆಸಿತು. ಒಂದು ಪ್ರತಿಯಿರುವ ಕುರಿ ಅನೇಕ ಸಲ ಅವಳಿ ಹಾಕುತ್ತದೆ. ಎರಡು ಪ್ರತಿಯಿದ್ದರೆ ಮೂರು ಮರಿಗಳೂ ಆಗಬಹುದು, ಆಗ ಬದುಕಿಸುವುದು ಕಷ್ಟ. ಟಗರಿನಲ್ಲಿ ಈ ಜೀನ್ ಇದ್ದರೆ ಅದರ ಫಲ ಈ ವರ್ಷದ ಮರಿಗಳ ಸಂಖ್ಯೆಯಲ್ಲಿ ಕಾಣುವುದಿಲ್ಲ. ಅದರ ಹೆಣ್ಣುಮರಿಗಳು ಬೆಳೆದು ಈಯುವವರೆಗೆ ಕಾಯಬೇಕು.

ನಮ್ಮ ನೆಲದ ತಳಿಗಳಲ್ಲಿ ದಖ್ಖನಿ ಮತ್ತು ಬಳ್ಳಾರಿ ಈ ಭಾಗದ ನಡಿಗೆ, ಬಿಸಿಲು ಮತ್ತು ಒಣ ಮೇವಿಗೆ ಒಗ್ಗಿದವು. ರಾಯಚೂರು–ಕೊಪ್ಪಳ ಕಡೆಯ ಕೆಂಗುರಿ ಎತ್ತರದ ಕುರಿ, ಬೆಳೆದ ಟಗರು ಸುಮಾರು 50 ಕಿಲೊ ತೂಗುತ್ತದೆ. ಮಂಡ್ಯ ಸೀಮೆಯ ಬಂಡೂರು ಇದಕ್ಕೆ ಪೂರ್ತಿ ವಿರುದ್ಧ: ಗಿಡ್ಡ ಕಾಲು, ಅಗಲವಾದ ಬೆನ್ನು, ತುಂಬಿದ ತೊಡೆ, ಬೆಳೆದ ಟಗರೂ 35 ಕಿಲೊ ಆಚೀಚೆ. ಮಾಂಸದ ರುಚಿ ಮತ್ತು ಮೈಕಟ್ಟಿನಲ್ಲಿ ಅದಕ್ಕೆ ಸಮನಾದದ್ದು ದೇಶದಲ್ಲಿ ಕಡಿಮೆ, ಆದರೆ ಅದು ಹಗಲೆಲ್ಲ ನಡೆಯುವ ಕುರಿಯಲ್ಲ. ಮೈಯ ಆಕಾರಕ್ಕೂ ಒಟ್ಟು ತೂಕಕ್ಕೂ ಇರುವ ವ್ಯತ್ಯಾಸವನ್ನು ಈ ಎರಡು ತಳಿಗಳನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಯಾರಿಗೂ ತಿಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ

ಮೂರು ದಾರಿಗಳನ್ನು ಅಂದಾಜಿನ ಸಂಖ್ಯೆಗಳಿಂದ ಹೋಲಿಸಬಹುದು. ಇವು ತಿಳಿವಳಿಕೆಗಾಗಿ ಹಾಕಿದ ಲೆಕ್ಕ; ಪ್ರತಿಯೊಬ್ಬರೂ ತಮ್ಮ ಹಿಂಡಿನ ತೂಕಗಳನ್ನು ಹಾಕಿ ಮತ್ತೆ ಮಾಡಿಕೊಳ್ಳಬೇಕು.

ಮೊದಲನೆಯದು ಮಾಂಸಖಂಡದ ಜೀನ್. 25 ಕಿಲೊ ತೂಗುವ ಮರಿಯಿಂದ ಸುಮಾರು 12 ಕಿಲೊ ಮಾಂಸ ಬರುತ್ತದೆ ಎಂದುಕೊಳ್ಳೋಣ. ಅದರಲ್ಲಿ ಬೆನ್ನು ಮತ್ತು ಹಿಂದೊಡೆಯ ಪಾಲು ಅರ್ಧ, ಅಂದರೆ 6 ಕಿಲೊ. ಟೆಕ್ಸೆಲ್ ಬಗೆಯ ರೂಪದಿಂದ ಈ ಭಾಗ ಶೇ. 5 ಹೆಚ್ಚಿದರೆ ಸಿಗುವುದು 300 ಗ್ರಾಂ. ಸಂತೆಯಲ್ಲಿ ಕಣ್ಣಂದಾಜಿನಲ್ಲಿ ವ್ಯಾಪಾರವಾಗುವ ಕಡೆ ಆ 300 ಗ್ರಾಮಿಗೆ ಬೆಲೆ ಕಟ್ಟುವವರು ಯಾರು? ಮಾಂಸದ ಪ್ರಮಾಣಕ್ಕೆ ದರ್ಜೆ ಕೊಟ್ಟು ಹಣ ನೀಡುವ ಮಾರುಕಟ್ಟೆಯಿಲ್ಲದೆ ಈ ಲಾಭ ಕುರಿಗಾರನ ಕೈಗೆ ಬರುವುದಿಲ್ಲ.

ಎರಡನೆಯದು ಅವಳಿಯ ಜೀನ್. ಒಂಟಿ ಮರಿ ಮೂರು ತಿಂಗಳಿಗೆ 15 ಕಿಲೊ ತೂಗಿದರೆ, ಅವಳಿ ಮರಿಗಳು ತಲಾ 11 ಕಿಲೊ ತೂಗಬಹುದು. ಎರಡೂ ಸೇರಿ 22. ಒಂದು ಕುರಿಯಿಂದ 7 ಕಿಲೊ ಹೆಚ್ಚು. ಜೀವತೂಕದ ಲೆಕ್ಕದಲ್ಲಿ ಇದರ ಮುಂದೆ ಮೊದಲನೆಯ ದಾರಿ ನಿಲ್ಲುವುದೇ ಇಲ್ಲ. ಆದರೆ ಅವಳಿಯಲ್ಲಿ ಒಂದು ಸತ್ತರೆ ಉಳಿದದ್ದು ಒಂಟಿ ಮರಿಗಿಂತ ಕಡಿಮೆ ತೂಗುತ್ತದೆ, ತಾಯಿಯೂ ಸೊರಗಿರುತ್ತದೆ. ಗಬ್ಬದ ಕೊನೆಯ ಆರು ವಾರ ಕುರಿಗೆ ಗೋವಿನಜೋಳದ ನುಚ್ಚು, ಹಿಂಡಿ ಕೊಡುವ ಶಕ್ತಿ, ಈದ ಮೊದಲ ವಾರ ತಾಯಿ ಮರಿಗಳನ್ನು ಹಟ್ಟಿಯಲ್ಲೇ ಇರಿಸಿ ನೋಡಿಕೊಳ್ಳುವ ಒಬ್ಬ ಮನುಷ್ಯ, ಇವೆರಡೂ ಇರುವವರಿಗೆ ಮಾತ್ರ ಇದು ಲಾಭದ ದಾರಿ. ಊರೂರು ತಿರುಗುವ ಹಿಂಡಿಗೆ ಇದನ್ನು ನಾನು ಹೇಳಲಾರೆ. ಹೊತ್ತುಕೊಂಡು ನಡೆಯುವ ಮರಿಗಳ ಸಂಖ್ಯೆ ಏರಿದರೆ ದಾರಿಯಲ್ಲಿ ಸಾಯುವುದೂ ಏರುತ್ತದೆ.

ಮೂರನೆಯದು ನಮ್ಮ ತಳಿಯಲ್ಲೇ ಒಳ್ಳೆಯ ಟಗರನ್ನು ಆರಿಸುವುದು. ಮರಿಗಳ ಬೆಳವಣಿಗೆಯ ತೂಕದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಕಾಲುಭಾಗ ಸಂತತಿಗೆ ಇಳಿಯುವಂಥದ್ದು. ಉಳಿದದ್ದು ತಾಯಿಯ ಹಾಲು, ಮೇವು, ಹುಟ್ಟಿದ ಕಾಲ ಇವುಗಳಿಂದ ಬಂದದ್ದು. ಹಿಂಡಿನ ಗಂಡುಮರಿಗಳ ಸರಾಸರಿ 14 ಕಿಲೊ ಇದ್ದು, ಆರಿಸಿದ ಮರಿ 18 ಕಿಲೊ ಇದ್ದರೆ ಹೆಚ್ಚಳ 4 ಕಿಲೊ. ಅದರ ಕಾಲುಭಾಗ 1 ಕಿಲೊ. ಟಗರಿನಿಂದ ಮರಿಗೆ ಅದರಲ್ಲಿ ಅರ್ಧ, ಅಂದರೆ 500 ಗ್ರಾಂ. ಚಿಕ್ಕದಾಗಿ ಕಾಣುತ್ತದೆ. ಆದರೆ ಇದು ಆ ಟಗರಿನ ಪ್ರತಿಯೊಂದು ಮರಿಗೂ ಸಿಗುತ್ತದೆ, ಹೆಣ್ಣುಮರಿಗಳ ಮೂಲಕ ಹಿಂಡಿನಲ್ಲೇ ಉಳಿಯುತ್ತದೆ, ಮುಂದಿನ ಟಗರಿನದು ಇದರ ಮೇಲೆ ಸೇರುತ್ತದೆ. ಹೊರಗಿನಿಂದ ಒಂದು ರೂಪಾಯಿಯ ಜೀನ್ ಕೊಳ್ಳಬೇಕಾಗಿಲ್ಲ, ಬಿಸಿಲು ಮತ್ತು ನಡಿಗೆ ತಾಳುವ ಗುಣವೂ ಕೆಡುವುದಿಲ್ಲ.

ಈ ಮೂರನೆಯ ದಾರಿಯನ್ನೇ ನಾವು ಬಹುಕಾಲದಿಂದ ತಲೆಕೆಳಗು ಮಾಡಿದ್ದೇವೆ ಎಂಬುದು ನನಗೆ ನಿಜವಾದ ಸಂಕಟ. ಹಿಂಡಿನಲ್ಲಿ ಎಲ್ಲಕ್ಕಿಂತ ಬೇಗ ಮೈತುಂಬಿದ ಗಂಡುಮರಿಗೇ ವ್ಯಾಪಾರಿಯ ಕಣ್ಣು ಮೊದಲು ಬೀಳುತ್ತದೆ. ಹಬ್ಬ, ಜಾತ್ರೆ, ಆಸ್ಪತ್ರೆ ಖರ್ಚು ಏನೇ ಬಂದರೂ ಮೊದಲು ಹೋಗುವುದು ಅದೇ. ಹಿಂದೆ ಉಳಿದದ್ದು, ಯಾರೂ ಕೇಳದ್ದು, ಕೊನೆಗೆ ಹಿಂಡಿನ ಟಗರಾಗುತ್ತದೆ. ಅದೇ ಟಗರು ನಾಲ್ಕಾರು ವರ್ಷ ಉಳಿದು ತನ್ನ ಮಗಳ ಮೇಲೂ ಮೊಮ್ಮಗಳ ಮೇಲೂ ಹಾರುತ್ತದೆ. ನಿಧಾನ ಬೆಳೆಯುವ ಜೀನ್‌ಗಳನ್ನು ನಾವೇ ಕೈಯಾರೆ ಆರಿಸಿ ಇಟ್ಟುಕೊಂಡಂತಾಯಿತು. ಇದನ್ನು ಸರಿಪಡಿಸದೆ ಹೊರಗಿನ ಜೀನ್ ತಂದರೆ ಎರಡು ಪೀಳಿಗೆಯಲ್ಲಿ ಅದೂ ಇದೇ ದಾರಿ ಹಿಡಿಯುತ್ತದೆ.

ಟಗರನ್ನು ಆರಿಸುವ ಕೆಲಸ

ಆಯ್ಕೆ ಮರಿ ಹುಟ್ಟಿದ ದಿನವೇ ಆರಂಭವಾಗಬೇಕು. ಹುಟ್ಟಿದ ದಿನ, ತಾಯಿಯ ಗುರುತು, ಒಂಟಿಯೋ ಅವಳಿಯೋ, ತಾಯಿಯದು ಮೊದಲ ಸೂಲೋ ಅಲ್ಲವೋ, ಇಷ್ಟನ್ನು ಬರೆದಿಡಬೇಕು. ಬರೆಯಲು ಬಾರದ ಹಿರಿಯರ ಹಟ್ಟಿಯಲ್ಲೂ ಈಗ ಶಾಲೆ ಕಲಿತ ಮಕ್ಕಳಿದ್ದಾರೆ. ಮೂರು ತಿಂಗಳು ತುಂಬಿದಾಗ ಒಮ್ಮೆ, ಆರು ತಿಂಗಳು ತುಂಬಿದಾಗ ಒಮ್ಮೆ ತೂಗಬೇಕು. ತೂಗುವುದು ಬೆಳಿಗ್ಗೆ, ಹಿಂಡನ್ನು ಬಿಡುವ ಮೊದಲು, ನೀರು ಕುಡಿಸುವ ಮೊದಲು. ಮೇಯ್ದು ಬಂದ ಮೇಲೆ ತೂಗಿದರೆ ಹೊಟ್ಟೆಯಲ್ಲಿನ ಮೇವು ನೀರೂ ಲೆಕ್ಕಕ್ಕೆ ಸೇರುತ್ತದೆ. ಹಟ್ಟಿಯ ಚಪ್ಪರದ ಅಡ್ಡಗಳುವಿಗೆ ಸ್ಪ್ರಿಂಗ್ ತಕ್ಕಡಿ ತೂಗುಹಾಕಿ, ಗೋಣಿಚೀಲದ ನಾಲ್ಕು ಮೂಲೆಗೆ ತೂತು ಮಾಡಿ ಕಾಲು ಇಳಿಬಿಟ್ಟರೆ ಮರಿ ಒದ್ದಾಡುವುದಿಲ್ಲ. ಮುಳ್ಳು ನಿಂತ ಮೇಲೆ ಓದಿಕೊಂಡರಾಯಿತು.

ಹೋಲಿಸುವಾಗ ಒಂದೇ ಕಾಲದಲ್ಲಿ ಹುಟ್ಟಿದವನ್ನು ಒಂದಕ್ಕೊಂದು ಹೋಲಿಸಬೇಕು. ಅವಳಿಯಾಗಿ ಹುಟ್ಟಿ 14 ಕಿಲೊ ತೂಗಿದ ಮರಿ ಒಂಟಿಯಾಗಿ ಹುಟ್ಟಿ 15 ಕಿಲೊ ತೂಗಿದ್ದಕ್ಕಿಂತ ಒಳ್ಳೆಯದಿರಬಹುದು. ಹಾಲು ಕಡಿಮೆಯಿರುವ ಚೊಚ್ಚಲ ಕುರಿಯ ಮರಿಗೂ ಅಷ್ಟೇ ರಿಯಾಯಿತಿ ಕೊಡಬೇಕು.

ತೂಕದ ಮೇಲೆ ಐದಾರು ಮರಿಗಳನ್ನು ಆರಿಸಿದ ಬಳಿಕ ಕೈಯಿಂದ ನೋಡಬೇಕು. ಮರಿಯನ್ನು ಸಮನೆಲದ ಮೇಲೆ ನಾಲ್ಕೂ ಕಾಲು ಊರಿ ನಿಲ್ಲಿಸಿ, ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನೆಲುಬಿನ ಎರಡೂ ಬದಿಗೆ ಅಂಗೈ ಇಟ್ಟು, ಬೆರಳ ತುದಿಯನ್ನು ಅಡ್ಡ ಎಲುಬುಗಳ ಅಂಚಿನ ಕೆಳಗೆ ತೂರಿಸಬೇಕು. ಎಲುಬಿನ ತುದಿ ಚೂಪಾಗಿ ತಾಕಿ ಮೇಲೆ ತಗ್ಗಾಗಿದ್ದರೆ ಮಾಂಸ ಇಲ್ಲ. ತುದಿ ಗುಂಡಗೆ ತಾಕಿ, ಮೇಲೆ ಗಟ್ಟಿಯಾಗಿ ತುಂಬಿದ್ದರೆ ಮಾಂಸ ಇದೆ. ಒತ್ತಿದಾಗ ಮೆತ್ತಗೆ ಸರಿಯುವುದು ಕೊಬ್ಬು. ನಮ್ಮ ಹಿರಿಯ ಕುರಿಗಾರರು ಬೆನ್ನು ಹಿಡಿದು ನೋಡುವುದು ಇದನ್ನೇ. ಅದಾದ ಮೇಲೆ ಎರಡೂ ಬೀಜಗಳು ಸಮವಾಗಿ, ದೊಡ್ಡದಾಗಿ ಇಳಿದಿವೆಯೇ, ಕೆಳದವಡೆಯ ಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂಡುತ್ತವೆಯೇ, ಗೊರಸು ನೆಟ್ಟಗಿವೆಯೇ ಎಂದು ನೋಡಬೇಕು. ಮರಿಯ ತಾಯಿ ಯಾರ ಸಹಾಯವೂ ಇಲ್ಲದೆ ಈದಿದೆಯೇ ಎಂದು ಕೇಳದೆ ಟಗರನ್ನು ಇಟ್ಟುಕೊಳ್ಳಬಾರದು. ಸವಣೂರು ಕಡೆಯ ಹಿರಿಯ ಕುರಿಗಾರರೊಬ್ಬರು ಹೇಳಿದ ಮಾತನ್ನು ನಾನು ತರಬೇತಿಗಳಲ್ಲಿ ಹೇಳುತ್ತಿರುತ್ತೇನೆ: “ಮರಿ ದಪ್ಪ ಹುಟ್ಲಿ ರೀ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಹಡದ ಕುರಿ ಉಳೀಬೇಕಲ್ರಿ.” ಬೆಲ್ಜಿಯನ್ ಬ್ಲೂ ತಳಿಯ ಬಗ್ಗೆ ಬಂದ ಎಷ್ಟೋ ಸಂಶೋಧನೆಗಳು ಹೇಳುವುದೂ ಇದನ್ನೇ.

ಯಾರಿಗೆ ಯಾವುದು

ವರ್ಷದ ಹೆಚ್ಚು ಕಾಲ ತಿರುಗಾಡುವ, ರೈತರ ಹೊಲದಲ್ಲಿ ಕುರಿ ನಿಲ್ಲಿಸಿ ಜೀವನ ನಡೆಸುವ ಹಿಂಡುಗಳಿಗೆ ದಖ್ಖನಿ ಅಥವಾ ಬಳ್ಳಾರಿಯ ಒಳ್ಳೆಯ ಟಗರೇ ಸರಿ. ಇಲ್ಲಿ ನನಗೆ ಅನುಮಾನವೇ ಇಲ್ಲ. ಹಗಲು ಮೇಯಿಸಿ ಸಂಜೆ ಸ್ವಲ್ಪ ಕಾಳು ಹಾಕುವ, ಸ್ವಂತ ಹೊಲದ ಬದುವಿನಲ್ಲಿ ಚೊಗಚೆ, ಸುಬಾಬುಲ್ ಬೆಳೆದುಕೊಂಡ ಸಣ್ಣ ಸಾಕಣೆದಾರರು ಕೆಂಗುರಿ ಟಗರನ್ನು ಬಿಟ್ಟು ನೋಡಬಹುದು. ಇಪ್ಪತ್ತು-ಮೂವತ್ತು ಕುರಿಗಳಿದ್ದು ಮನೆಯಲ್ಲಿ ಆರೈಕೆ ಮಾಡುವವರಿದ್ದರೆ ನಾರಿ ಸುವರ್ಣದ ಒಂದು ಪ್ರತಿಯಿರುವ ಹೆಣ್ಣುಗಳನ್ನು ನಿಧಾನವಾಗಿ ಬೆಳೆಸಿಕೊಳ್ಳಬಹುದು. ಹುಬ್ಬಳ್ಳಿ–ಧಾರವಾಡದ ಸುತ್ತ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿ, ಮಾಂಸದಂಗಡಿಗಳಿಗೆ ಜೀವತೂಕದ ಲೆಕ್ಕದಲ್ಲಿ ನೇರವಾಗಿ ಮಾರುವವರಿಗೆ ಡಾರ್ಪರ್ ಟಗರು ಮತ್ತು ನಮ್ಮ ಕುರಿಯ ಮೊದಲ ಪೀಳಿಗೆಯ ಮರಿ ಹೊಂದುತ್ತದೆ. ಅವರು ಆ ಮರಿಗಳನ್ನೆಲ್ಲ ಮಾರಿ, ತಾಯಿಕುರಿಗಳನ್ನು ಸ್ಥಳೀಯ ತಳಿಯಾಗಿಯೇ ಉಳಿಸಿಕೊಳ್ಳಬೇಕು. ಇಮ್ಮಡಿ ಸ್ನಾಯುವಿನ ಜೀನ್ ಇದೆ ಎಂದು ಹೇಳುವ ಟಗರು ಈ ನಾಲ್ವರಲ್ಲಿ ಯಾರಿಗೂ ಬೇಡ.

ಜೀನ್‌ನ ಹೆಸರು ಹೇಳಿ ಹೆಚ್ಚು ಬೆಲೆ ಕೇಳುವವರಲ್ಲಿ ಪರೀಕ್ಷೆಯ ವರದಿ ಕೇಳಬೇಕು. ಫೆಕ್-ಬಿ ರೂಪವನ್ನು ರಕ್ತದ ಮಾದರಿಯಿಂದ ಖಚಿತವಾಗಿ ತಿಳಿಯಬಹುದು. ವರದಿಯಲ್ಲಿರುವ ಸಂಖ್ಯೆ ಮತ್ತು ಟಗರಿನ ಕಿವಿಯೋಲೆಯ ಸಂಖ್ಯೆ ಒಂದೇ ಆಗಿರಬೇಕು, ಒಂದು ಪ್ರತಿಯೋ ಎರಡು ಪ್ರತಿಯೋ ಎಂದು ಅದರಲ್ಲಿ ಬರೆದಿರಬೇಕು. ಅಪ್ಪನ ವರದಿ ತೋರಿಸಿ ಮಗನನ್ನು ಮಾರಿದರೆ ಅದು ವರದಿಯಲ್ಲ. ಒಂದೇ ಪ್ರತಿಯಿದ್ದ ಅಪ್ಪನಿಂದ ಮಗನಿಗೆ ಬಂದಿರುವ ಸಾಧ್ಯತೆ ಅರ್ಧ ಮಾತ್ರ. ಅನುಮಾನ ಬಂದರೆ ಮುಂಗಡ ಕೊಡುವ ಮೊದಲು ಸ್ಥಳೀಯ ಪಶು ಆಸ್ಪತ್ರೆಯ ವೈದ್ಯರಿಗೆ ವರದಿ ತೋರಿಸಬಹುದು, ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲೂ ಕೇಳಬಹುದು.

ಹೊಸ ಟಗರು ಎಲ್ಲಿಂದಲೇ ಬಂದರೂ ಎರಡು-ಮೂರು ವಾರ ಹಿಂಡಿನಿಂದ ದೂರ ಕಟ್ಟಿ, ಪಿಪಿಆರ್ ಎಂಬ ಸಾಂಕ್ರಾಮಿಕ ರೋಗ ಮತ್ತು ಕರುಳುಬೇನೆಯ ಲಸಿಕೆ ಆಗಿದೆಯೇ ಎಂದು ನೋಡಿ, ಜಂತುನಾಶಕ ಕೊಟ್ಟು ಆಮೇಲೆ ಬಿಡಬೇಕು. ಎರಡು ವರ್ಷ ಆದ ಮೇಲೆ, ಅದರ ಹೆಣ್ಣುಮರಿಗಳು ಬೆದೆಗೆ ಬರುವ ಹೊತ್ತಿಗೆ, ಅದನ್ನು ದೂರದ ಹಟ್ಟಿಯವರ ಒಳ್ಳೆಯ ಟಗರಿನೊಂದಿಗೆ ಬದಲಾಯಿಸಿಕೊಳ್ಳಬೇಕು, ಬದಲಾಯಿಸುವಾಗ ತೂಕದ ಪುಸ್ತಕವನ್ನೂ ಜೊತೆಗೆ ಕೊಡಬೇಕು.